ಓದುಗರು ಕೇಳಿದ್ದಾರೆ: ಈಮಾನ್ ಮೆರ್ಸಾಲ್ ಕವಿತೆಗೆ ಒಡವೆ ಹಾಕಬೇಡಿ

ಕಳೆದ ಸಂಚಿಕೆಯಲ್ಲಿ ಈಜಿಪ್ಟಿನ ಕವಯಿತ್ರಿ ಈಮಾನ್ ಮೆರ್ಸಾಲ್ ಬಗ್ಗೆ ಒಂದು ಪುಟದ ಪರಿಚಯ ಬಂದಿತ್ತು. ಅದನ್ನು ಓದಿ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಿಂದ ಹಲವರು ಪ್ರಶ್ನೆ ಕಳಿಸಿದ್ದಾರೆ. ಒಂದೇ ಬಗೆಯವನ್ನು ಕೂಡಿಸಿ ಉತ್ತರಿಸಿದ್ದೇವೆ.

ಪರಿಚಯದಲ್ಲಿ ಇಸವಿಗಳೇ ಇರಲಿಲ್ಲ. ಯಾವ ಪುಸ್ತಕ ಮೊದಲು, ಯಾವುದು ಆಮೇಲೆ? ನಾವು ಎಲ್ಲಿಂದ ಶುರು ಮಾಡಬೇಕು?
— ಉಪನ್ಯಾಸಕಿ, ದಾವಣಗೆರೆ

ಮೆರ್ಸಾಲ್ ಹುಟ್ಟಿದ್ದು 1966ರಲ್ಲಿ, ನೈಲ್ ನದಿ ಕವಲೊಡೆದು ಸಮುದ್ರ ಸೇರುವ ಪ್ರದೇಶದ ಮೀತ್ ಅದ್ಲಾನ್ ಎಂಬ ಹಳ್ಳಿಯಲ್ಲಿ. ಚಿಕ್ಕವರಿದ್ದಾಗಲೇ ತಾಯಿ ತೀರಿಕೊಂಡರು. ಪದವಿ ಓದಿದ್ದು ಮನ್ಸೂರಾದಲ್ಲಿ, ಮುಂದಿನದು ಕೈರೋದಲ್ಲಿ. ಮನ್ಸೂರಾದಲ್ಲಿದ್ದಾಗ ಗೆಳತಿಯರ ಜೊತೆ ‘ಬಿಂತ್ ಅಲ್-ಅರ್ದ್’ ಎಂಬ ಮಹಿಳಾ ಪತ್ರಿಕೆ ನಡೆಸುತ್ತಿದ್ದರು. 1998ರಲ್ಲಿ ಅಮೆರಿಕದ ಬಾಸ್ಟನ್ನಿಗೆ ಹೋದರು, ಮರುವರ್ಷ ಕೆನಡಾದ ಎಡ್ಮಂಟನ್ನಿಗೆ. ಅಲ್ಲಿನ ಆಲ್ಬರ್ಟಾ ವಿಶ್ವವಿದ್ಯಾಲಯದಲ್ಲಿ ಅರಬ್ಬಿ ಸಾಹಿತ್ಯ ಕಲಿಸುತ್ತಾರೆ. ಕವಿತೆ ಬರೆಯುವುದು ಮಾತ್ರ ಈಗಲೂ ಅರಬ್ಬಿಯಲ್ಲೇ.

ಮೊದಲ ಸಂಕಲನ ಬಂದದ್ದು 1990ರಲ್ಲಿ. ಅದನ್ನು ಸದ್ಯಕ್ಕೆ ಬದಿಗಿಡಿ. ಅವರದೇ ಎನ್ನಬಹುದಾದ ದನಿ ಕೇಳಿಸುವುದು 1995ರ ಪುಸ್ತಕದಿಂದ. ಅದರ ಹೆಸರನ್ನು ಕನ್ನಡದಲ್ಲಿ ‘ನೃತ್ಯ ಕಲಿಯಲು ತಕ್ಕ ಕತ್ತಲ ಓಣಿ’ ಎನ್ನಬಹುದು. 1997ರಲ್ಲಿ ‘ಆದಷ್ಟು ಹೊತ್ತು ನಡೆಯುತ್ತ’, 2006ರಲ್ಲಿ ‘ಬದಲಿ ಭೂಗೋಳ’, 2013ರಲ್ಲಿ ‘ಮನೆಯೆಂಬ ವಿಚಾರ ಬಿಡುವವರೆಗೂ’. ಈ ನಾಲ್ಕರಿಂದಲೇ ಆಯ್ದು ರಾಬಿನ್ ಕ್ರೆಸ್‌ವೆಲ್ 2022ರಲ್ಲಿ ‘ದಿ ಥ್ರೆಶೋಲ್ಡ್’ ಎಂಬ ಇಂಗ್ಲಿಷ್ ಸಂಕಲನ ಮಾಡಿದರು. ಕವಿತೆಯಿಂದಲೇ ಶುರು ಮಾಡುವುದಾದರೆ ಅಲ್ಲಿಂದ. ಅದಕ್ಕೂ ಮೊದಲು, 2008ರಲ್ಲಿ, ಲಿಬಿಯಾ ಮೂಲದ ಕವಿ ಖಾಲಿದ್ ಮತ್ತಾವ ಮಾಡಿದ ಅನುವಾದ ಬಂದಿತ್ತು. ತರಿಸುವಾಗ ಅನುವಾದಕರ ಹೆಸರನ್ನೂ ಕೊಟ್ಟು ಕೇಳಿ. ಎರಡೂ ಆಯ್ದ ಕವಿತೆಗಳೇ ಆದ್ದರಿಂದ ಒಂದರ ಬದಲು ಇನ್ನೊಂದು ಬಂದೀತು.

ಗದ್ಯ ಬೇಕೆಂದರೆ ಎನಾಯತ್ ಅಲ್-ಝಯ್ಯಾತ್ ಕುರಿತ ಪುಸ್ತಕ ಓದಿ. ಈ ಈಜಿಪ್ಟ್ ಲೇಖಕಿ 1963ರಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಪ್ರಕಾಶಕರು ತಿರಸ್ಕರಿಸಿದ್ದ ಅವರ ಒಂದೇ ಕಾದಂಬರಿ 1967ರಲ್ಲಿ ಹೊರಬಂತು. ಅದರ ಜಾಡು ಹಿಡಿದು ಮೆರ್ಸಾಲ್ ಹಳೇ ಮನೆ, ಕೋರ್ಟ್ ಕಾಗದ, ಸಮಾಧಿ ಎಲ್ಲ ಹುಡುಕುತ್ತ ಹೋಗುತ್ತಾರೆ. 2019ರ ಈ ಪುಸ್ತಕಕ್ಕೆ 2021ರಲ್ಲಿ ಶೇಖ್ ಝಾಯದ್ ಪುಸ್ತಕ ಪ್ರಶಸ್ತಿ ಬಂತು. ನಮ್ಮ ಮಟ್ಟಿಗೆ ಅವರ ಕವಿತೆಗೆ ಇದಕ್ಕಿಂತ ಒಳ್ಳೆಯ ಪ್ರವೇಶಿಕೆ ಇಲ್ಲ. ಸಣ್ಣ ವಸ್ತುವೊಂದನ್ನು ಹಿಡಿದು ಬಿಡದೆ ಬೆನ್ನು ಹತ್ತುವ ಅಭ್ಯಾಸ ಎರಡರಲ್ಲೂ ಒಂದೇ.

ಛಂದಸ್ಸಿಲ್ಲ, ಪ್ರಾಸವಿಲ್ಲ. ಇದು ನಮ್ಮ ವಚನದಂತೆಯೇ ಅಲ್ಲವೆ?
— ಎಂ.ಎ. ವಿದ್ಯಾರ್ಥಿ, ಚಿತ್ರದುರ್ಗ

ಅಲ್ಲ. ವಚನದಲ್ಲಿ ಮಾತ್ರೆಯ ಲೆಕ್ಕ ಇಲ್ಲದಿದ್ದರೂ ಒಂದರ ಪಕ್ಕ ಒಂದು ನಿಲ್ಲುವ ಜೋಡಿ ವಾಕ್ಯಗಳಿವೆ, ಕೊನೆಗೆ ಅಂಕಿತವಿದೆ, ಎದುರಿಗೆ ಒಬ್ಬ ದೇವರಿದ್ದಾನೆ. ಮೆರ್ಸಾಲ್ ಕವಿತೆಯಲ್ಲಿ ಇವು ಯಾವುವೂ ಇಲ್ಲ. ಪಂಚನಾಮೆ ಬರೆದಂತೆ ಕಂಡದ್ದನ್ನು ಒಂದೊಂದಾಗಿ ಹೇಳುತ್ತ ಹೋಗುತ್ತಾರೆ; ಎಲ್ಲೋ ಒಂದು ವಾಕ್ಯ ತಣ್ಣಗೆ ಚುಚ್ಚುತ್ತದೆ. ಒಳಉಡುಪು ಮಾರುವ ಅಂಗಡಿಯ ಗಾಜಿನೆದುರು ನಿಂತಾಗ ಕಾರ್ಲ್ ಮಾರ್ಕ್ಸ್ ನೆನಪಾಗುವ ಕವಿತೆ ಒಂದಿದೆ. ವ್ಯಂಗ್ಯವನ್ನು ಕೈಯೆತ್ತಿ ತೋರಿಸುವುದೇ ಇಲ್ಲ.

ಅವರು ಏನನ್ನು ಬಿಟ್ಟರು ಎಂಬುದು ತಿಳಿಯಬೇಕಾದರೆ ಅರಬ್ಬಿ ಛಂದಸ್ಸು ಸ್ವಲ್ಪ ಗೊತ್ತಿರಬೇಕು. ಹಳೆಯ ಪದ್ಧತಿಯಲ್ಲಿ ಪ್ರತಿ ಪಂಕ್ತಿ ಎರಡು ಅರ್ಧ, ಇಡೀ ಪದ್ಯಕ್ಕೆ ಒಂದೇ ಛಂದಸ್ಸು, ಕೊನೆತನಕ ಒಂದೇ ಪ್ರಾಸ. 8ನೇ ಶತಮಾನದಲ್ಲಿ ಇರಾಕಿನ ಬಸ್ರಾದ ವಿದ್ವಾಂಸ ಅಲ್-ಖಲೀಲ್ 15 ಛಂದಸ್ಸುಗಳನ್ನು ಗುರುತಿಸಿದ; ಮುಂದೆ ಇನ್ನೊಂದು ಸೇರಿ 16 ಆಯಿತು. 1947ರಲ್ಲಿ ಈಜಿಪ್ಟಿನಲ್ಲಿ ಕಾಲರಾ ಹಬ್ಬಿದಾಗ ಬಾಗ್ದಾದಿನ ಕವಯಿತ್ರಿ ನಾಝಿಕ್ ಅಲ್-ಮಲಾಇಕಾ ಆ ಹೆಸರಿನಲ್ಲೇ ಬರೆದ ಕವಿತೆ ಈ ಕಟ್ಟು ಮುರಿದವುಗಳಲ್ಲಿ ಮೊದಲ ಸಾಲಿನದು. ಅವರು ಗಣವನ್ನು ಬಿಡಲಿಲ್ಲ, ಸಾಲಿಗೆ ಎಷ್ಟು ಗಣ ಎಂಬ ಲೆಕ್ಕ ಬಿಟ್ಟರು. ಭಾಮಿನಿ ಷಟ್ಪದಿಯ 3–4 ಮಾತ್ರೆಯ ನಡೆಯನ್ನು ಹಾಗೇ ಉಳಿಸಿಕೊಂಡು, 14 ಮತ್ತು 23 ಮಾತ್ರೆಯ ಸಾಲುಗಳ ನಿಯಮ ಕೈಬಿಟ್ಟು, ಒಂದು ಸಾಲು 7 ಮಾತ್ರೆ, ಮುಂದಿನದು 28 ಎಂದು ಬರೆದು ನೋಡಿ. ಅವರು ಮಾಡಿದ್ದು ಹೆಚ್ಚುಕಮ್ಮಿ ಅಷ್ಟೇ. ಆದರೆ ಆ ‘ಅಷ್ಟೇ’ಗೆ ಅರಬ್ ಲೋಕದಲ್ಲಿ ವರ್ಷಗಟ್ಟಲೆ ಜಗಳ ನಡೆಯಿತು.

ಬಾಗಿಲು ತೆರೆದ ನಾಝಿಕ್ ಅವರೇ 1962ರ ವಿಮರ್ಶಾ ಗ್ರಂಥದಲ್ಲಿ ಗದ್ಯಕವಿತೆಯನ್ನು ಕಟುವಾಗಿ ವಿರೋಧಿಸಿದರು. ಗಣವನ್ನೂ ಬಿಟ್ಟ ಆ ಬಗೆಯನ್ನು ಲೆಬನಾನಿನ ಬೈರೂತಿನಲ್ಲಿ 1957ರಲ್ಲಿ ಶುರುವಾದ ‘ಶಿಅರ್’ ಎಂಬ ಕಾವ್ಯಪತ್ರಿಕೆಯ ಬಳಗ, ಮುಖ್ಯವಾಗಿ ಕವಿಗಳಾದ ಅದೋನಿಸ್ ಮತ್ತು ಉನ್ಸಿ ಅಲ್-ಹಾಜ್, ಬೆಳೆಸಿದ್ದರು. ಆದರೂ ಅದೋನಿಸ್ ಅವರಂಥವರ ದನಿ ಪ್ರವಾದಿಯದು, ಎತ್ತರದಿಂದ ಬರುವಂಥದು. 90ರ ದಶಕದ ಕೈರೋ ಕವಿಗಳು ಆ ಎತ್ತರವನ್ನೂ ಇಳಿಸಿದರು. ಮೆರ್ಸಾಲ್ ಆ ತಲೆಮಾರಿನವರು.

ಅರಬ್ ಕವಯಿತ್ರಿ ಎಂದರೆ ಬುರ್ಖಾ, ದಬ್ಬಾಳಿಕೆ ಇಷ್ಟರ ಬಗ್ಗೆಯೇ ಬರೆಯುವವರಲ್ಲವೆ?
— ಹೊಸದುರ್ಗ

ಇಪ್ಪತ್ತೆರಡು ದೇಶಗಳಿಗೆ ಒಂದೇ ವಿಷಯ ಹಂಚಿಕೊಡಲಾಗದು. ಬಾಗ್ದಾದಿನಲ್ಲಿ 1965ರಲ್ಲಿ ಹುಟ್ಟಿದ ಕ್ರೈಸ್ತ ಕುಟುಂಬದ ದುನ್ಯಾ ಮಿಖಾಯಿಲ್ ಬರೆಯುವುದು ಯುದ್ಧದ ಬಗ್ಗೆ, ಈಗ ಅಮೆರಿಕದ ಮಿಶಿಗನ್‌ನಿಂದ. ಸೌದಿಯ ಹಿಸ್ಸಾ ಹಿಲಾಲ್ 2010ರಲ್ಲಿ ಅಬುಧಾಬಿಯ ಟೀವಿ ಕಾವ್ಯಸ್ಪರ್ಧೆಯಲ್ಲಿ, ಮುಖ ಮುಚ್ಚಿಕೊಂಡೇ, ಉಗ್ರ ಫತ್ವಾಗಳ ವಿರುದ್ಧ ನಬತಿ ಎಂಬ ಆಡುನುಡಿಯ ಛಂದೋಬದ್ಧ ಕವಿತೆ ಓದಿ ಮೂರನೇ ಸ್ಥಾನ ಪಡೆದರು. ಆ ಮುಸುಕನ್ನು ನೋಡಿ ಯಾರ ಪಕ್ಷ ಎಂದು ತೀರ್ಮಾನಿಸಿದ್ದವರು ತಬ್ಬಿಬ್ಬಾದರು. ಮೆರ್ಸಾಲ್ ವಸ್ತು ತಂದೆಯ ಕಾಯಿಲೆ, ಸತ್ತ ತಾಯಿಯ ಜೊತೆಗಿನ ಒಂದೇ ಫೋಟೋ, ಮುರಿದ ಗೆಳೆತನ, ವಲಸೆ.

ಮದ್ರಸಾದಲ್ಲಿ ಕುರ್‌ಆನ್ ಓದಲು ಕಲಿತಿದ್ದೇನೆ. ಇವರ ಕವಿತೆಯನ್ನು ಮೂಲದಲ್ಲೇ ಓದಬಹುದೆ?
— ಹರಿಹರ

ಅಕ್ಷರ ಗೊತ್ತಿರುವುದು ದೊಡ್ಡ ಲಾಭ. ಆದರೆ ಮೂರು ಕಡೆ ತಡವರಿಸುತ್ತೀರಿ. ಕುರ್‌ಆನಿನಲ್ಲಿ ಝಬರ್, ಝೇರ್, ಪೇಶ್ ಎಂಬ ಸ್ವರಚಿಹ್ನೆಗಳನ್ನೆಲ್ಲ ಹಾಕಿರುತ್ತಾರೆ, ಕವಿತಾ ಸಂಕಲನದಲ್ಲಿ ಬಹುತೇಕ ಇರುವುದಿಲ್ಲ. ಸ್ವರ ಯಾವುದೆಂದು ಅರ್ಥ ಗೊತ್ತಿದ್ದರಷ್ಟೇ ತಿಳಿಯುತ್ತದೆ. ಎರಡನೆಯದು ಕಾಗುಣಿತ: ಕುರ್‌ಆನಿನಲ್ಲಿ ಚಿಕ್ಕ ಗೆರೆಯಾಗಿ ಮೇಲೆ ನಿಲ್ಲುವ ಅಲಿಫ್, ಅಂದರೆ ‘ಆ’ ಸ್ವರದ ಅಕ್ಷರ, ಎಷ್ಟೋ ಪದಗಳಲ್ಲಿ ಇಲ್ಲಿ ಪೂರ್ತಿ ಅಕ್ಷರವಾಗಿ ಬರುತ್ತದೆ. ಮೂರನೆಯದು ಈಜಿಪ್ಟಿನ ಮುದ್ರಣದ ರೂಢಿ: ಪದದ ಕೊನೆಯ ‘ಯೇ’ ಅಕ್ಷರಕ್ಕೆ ಕೆಳಗಿನ ಎರಡು ಚುಕ್ಕಿ ಹಾಕುವುದಿಲ್ಲ. ಅದು ‘ಈ’ಯೋ ‘ಆ’ಯೋ ಎಂದು ಹೊಸಬರು ಗೊಂದಲಕ್ಕೆ ಬೀಳುವುದು ಇಲ್ಲೇ.

ಮೊದಲು ಸ್ವರಚಿಹ್ನೆ ಇರುವ ಮಕ್ಕಳ ಪಾಠಪುಸ್ತಕ ಓದಿ ಇಂದಿನ ಅರಬ್ಬಿಯ ವಾಕ್ಯಕ್ಕೆ ಒಗ್ಗಿಕೊಳ್ಳಿ. ಆಮೇಲೆ ಹನ್ಸ್ ವೇರ್ ಅವರ ಅರಬ್ಬಿ-ಇಂಗ್ಲಿಷ್ ನಿಘಂಟು. ಅದರಲ್ಲಿ ಪದಗಳು ಧಾತುವಿನ ಕ್ರಮದಲ್ಲಿರುತ್ತವೆ: ಕಿತಾಬ್, ಕಾತಿಬ್, ಮಕ್ತೂಬ್ ಮೂರನ್ನೂ ಕ-ತ-ಬ ಅಡಿಯಲ್ಲೇ ಹುಡುಕಬೇಕು, ‘ಮಕ್ತೂಬ್’ ಅನ್ನು ‘ಮ’ ಅಕ್ಷರದಲ್ಲಿ ಹುಡುಕಿದರೆ ಸಿಗುವುದಿಲ್ಲ. ಮನೆಮಾತು ಉರ್ದು ಆಗಿದ್ದರೆ ಇದು ಬೇಗ ಹತ್ತುತ್ತದೆ. ಮೆರ್ಸಾಲ್ ಬರೆಯುವುದು ಕೈರೋದ ಆಡುಮಾತಿನಲ್ಲಲ್ಲ, ಎಲ್ಲ ಅರಬ್ ದೇಶಗಳಲ್ಲೂ ಓದುವ ಬರಹದ ಭಾಷೆಯಲ್ಲಿ. ನಿಘಂಟು ಕೈಕೊಡುವುದಿಲ್ಲ.

ಇಂಗ್ಲಿಷ್ ಮೂಲಕ ಎರಡು ಕವಿತೆ ಕನ್ನಡಕ್ಕೆ ತಂದೆ. ಓದಿದವರು ‘ಭಾವಗೀತೆ ಥರ ಇದೆ’ ಎಂದರು. ಎಲ್ಲಿ ತಪ್ಪಿದೆ?
— ಚಳ್ಳಕೆರೆ

ನೀವು ಕಳಿಸಿದ ಪ್ರತಿಯಲ್ಲಿ ‘ಕರ್ಣಾಭರಣ’ ಎಂದಿದೆ. ತಪ್ಪಿರುವುದು ಅಲ್ಲೇ. ಮನೆ ಎಂಬ ವಿಚಾರದ ಆ ಕವಿತೆಯಲ್ಲಿ ಹೆಂಗಸು ಚಿನ್ನದ ಅಂಗಡಿಯಲ್ಲಿ ಓಲೆ ಮಾರಿ ಬೆಳ್ಳಿಯುಂಗುರ ಕೊಳ್ಳುತ್ತಾಳೆ, ಅದನ್ನು ಕೊಟ್ಟು ಹಳೇ ಶಾಯಿ, ಕಪ್ಪು ನೋಟ್‌ಬುಕ್ ತರುತ್ತಾಳೆ. ವ್ಯಾಪಾರದ ಲೆಕ್ಕ ಒಪ್ಪಿಸುವ ದನಿಯದು. ‘ಕರ್ಣಾಭರಣ’ ಬಂದೊಡನೆ ಅಂಗಡಿ ಮಾಯವಾಗಿ ಅಂತಃಪುರ ಬರುತ್ತದೆ. ಹಾಗಂತ ‘ಮಾರಿದ್ನಿ, ತಗಂಡ್ನಿ’ ಎಂದು ನಮ್ಮ ಕಡೆಯ ಮಾತಿಗೂ ಇಳಿಸಬೇಡಿ. ಓದುಗರಿಗೆ ನಾಟಕದ ಪಾತ್ರ ಕಾಣಿಸುತ್ತದೆ. ‘ಓಲೆ ಮಾರಿದೆ’ ಸಾಕು.

ಎರಡನೇ ತೊಂದರೆ ಲಿಂಗದ್ದು. ಅರಬ್ಬಿಯಲ್ಲಿ ‘ನೀನು’ ಎಂಬುದಕ್ಕೇ ಗಂಡು, ಹೆಣ್ಣು ಎಂಬ ಎರಡು ರೂಪಗಳಿವೆ. ಗೆಳೆಯನೋ ಗೆಳತಿಯೋ, ವೈದ್ಯನೋ ವೈದ್ಯೆಯೋ ಎಂಬುದೂ ಪದದಲ್ಲೇ ಗೊತ್ತಾಗುತ್ತದೆ. ಇಂಗ್ಲಿಷ್ ಇದನ್ನೆಲ್ಲ ಅಳಿಸುತ್ತದೆ. ಕನ್ನಡದ ಕ್ರಿಯಾಪದ ಮತ್ತೆ ಕೇಳುತ್ತದೆ: ಬಂದನೋ, ಬಂದಳೋ? ನೀವು ಎರಡೂ ಕಡೆ ಗಂಡಸನ್ನೇ ತಂದಿದ್ದೀರಿ. ಊಹಿಸದೆ ಮೂಲ ತೋರಿಸಿ ಕೇಳಿ. ಪದದ ಕೊನೆಯಲ್ಲಿ ಮೇಲೆ ಎರಡು ಚುಕ್ಕಿಯ ಗುಂಡು ‘ತೇ’ ಇದ್ದರೆ ಸಾಮಾನ್ಯವಾಗಿ ಹೆಣ್ಣು: ಸದೀಕ್ ಗೆಳೆಯ, ಸದೀಕಾ ಗೆಳತಿ. ಹರಿಹರದ ಓದುಗರಂಥವರು ಇಷ್ಟನ್ನು ನಿಮಿಷದಲ್ಲಿ ಹೇಳಿಬಿಡುತ್ತಾರೆ.

ಮೂರನೆಯದು ಸಾಲು ಮುರಿಯುವ ಜಾಗ. ಇಂಗ್ಲಿಷಿನಲ್ಲಿ ಕೊನೆಗೆ ಬೀಳುವ ಪೆಟ್ಟಿನ ಪದ ಕನ್ನಡದಲ್ಲಿ ಕ್ರಿಯಾಪದದ ಹಿಂದೆ ಅಡಗಿಕೊಳ್ಳುತ್ತದೆ. ಅದನ್ನು ಎಳೆದು ಕೊನೆಗಿಟ್ಟು ‘ಕೊಂಡೆ, ಕಪ್ಪು ನೋಟ್‌ಬುಕ್ಕನ್ನು’ ಎಂದರೆ ಭಾಷಣವಾಗುತ್ತದೆ. ವಾಕ್ಯವನ್ನು ಎರಡಾಗಿ ಒಡೆದರೆ ಹೆಚ್ಚಿನ ಕಡೆ ಸರಿಹೋಗುತ್ತದೆ. ನೀವು ಸೇರಿಸಿದ ಚುಕ್ಕಿಗಳ ಸಾಲು, ಆಶ್ಚರ್ಯಸೂಚಕ, ‘ಓ’, ‘ಹಾ’ ಎಲ್ಲ ತೆಗೆಯಿರಿ. ಆಮೇಲೆ ಎರಡೂ ಇಂಗ್ಲಿಷ್ ಸಂಕಲನಗಳಲ್ಲಿ ಇರುವ ಕವಿತೆಯೊಂದನ್ನು ಆರಿಸಿ ಹೋಲಿಸಿ ನೋಡಿ. ಇಬ್ಬರು ಅನುವಾದಕರು ಬೇರೆಬೇರೆ ಹೇಳಿರುವ ಜಾಗದಲ್ಲೇ ಮೂಲ ಕಷ್ಟದ್ದಿರುತ್ತದೆ.

ಈ ಅನುವಾದವನ್ನು ಕಾಲೇಜು ಸಂಚಿಕೆಯಲ್ಲಿ ಅಚ್ಚು ಹಾಕಬಹುದೆ?
— ಅವರದೇ ಇನ್ನೊಂದು ಪ್ರಶ್ನೆ

ಅನುಮತಿ ಇಲ್ಲದೆ ಬೇಡ. ನಮ್ಮ ದೇಶದ ಕಾನೂನಿನಂತೆ ಅನುವಾದದ ಹಕ್ಕು ಹಕ್ಕುಸ್ವಾಮ್ಯದ ಭಾಗ. ಅದು ಲೇಖಕರ ಜೀವಿತಾವಧಿ ಮತ್ತು ಆಮೇಲೆ 60 ವರ್ಷ ಇರುತ್ತದೆ. ನೀವು ಇಂಗ್ಲಿಷಿನಿಂದ ತಂದಿರುವುದರಿಂದ ಕವಯಿತ್ರಿಯ ಒಪ್ಪಿಗೆಯ ಜೊತೆ ಇಂಗ್ಲಿಷ್ ಅನುವಾದದ ಹಕ್ಕುದಾರರ ಒಪ್ಪಿಗೆಯೂ ಬೇಕು. ಇಂಗ್ಲಿಷ್ ಪ್ರಕಾಶಕರ ಹಕ್ಕು ವಿಭಾಗಕ್ಕೆ ಇಮೇಲ್ ಮಾಡಿ. ಕವಿತೆಗಳ ಹೆಸರು, ಎಷ್ಟು ಪ್ರತಿ ಅಚ್ಚಾಗುತ್ತದೆ, ಮಾರಾಟಕ್ಕೋ ಉಚಿತವೋ, ಅಂತರ್ಜಾಲದಲ್ಲೂ ಹಾಕುತ್ತೀರೋ ಎಂಬುದನ್ನು ಮೊದಲ ಪತ್ರದಲ್ಲೇ ಬರೆಯಿರಿ. ಇವನ್ನು ಬಿಟ್ಟರೆ ಇದನ್ನೇ ಕೇಳಿ ಮರುಪತ್ರ ಬರುತ್ತದೆ, ಅಷ್ಟರಲ್ಲಿ ಸಂಚಿಕೆ ಅಚ್ಚಿಗೆ ಹೋಗಿರುತ್ತದೆ. ವಿಮರ್ಶೆಯ ಲೇಖನದಲ್ಲಿ ನಾಲ್ಕು ಸಾಲು ಉದ್ಧರಿಸುವುದಕ್ಕೆ ಇಷ್ಟೆಲ್ಲ ಬೇಕಿಲ್ಲ. ಇಬ್ಬರು ಅನುವಾದಕರ ಹೆಸರನ್ನೂ, ಅಂದರೆ ನಿಮ್ಮದರ ಜೊತೆ ಇಂಗ್ಲಿಷಿಗೆ ತಂದವರದನ್ನೂ, ಹಾಕಿದರಾಯಿತು.