ಪಶ್ಚಿಮದ ಬಿಸಿಲನ್ನು ಅಡ್ಡಪಟ್ಟಿ ತಡೆಯುವುದಿಲ್ಲ

ಬೆಂಗಳೂರಿನಲ್ಲಿ ಪಶ್ಚಿಮಕ್ಕೆ ಮುಖ ಮಾಡಿದ ಕಚೇರಿಗೆ ಉಕ್ಕಿನ ಚೌಕಟ್ಟನ್ನು ಹೊರಗೆ ಕಾಣುವಂತೆ ಬಿಟ್ಟು, ಬಿಸಿಲು ತಡೆಯಲೆಂದು ಅದಕ್ಕೆ ಕೂಡಿಸುವ ಅಡ್ಡಪಟ್ಟಿಗಳು ಕಬ್ಬಿಣದವಿರಲೋ ಅಲ್ಯೂಮಿನಿಯಂನವಿರಲೋ ಎಂದು ಕೇಳಿದ್ದೀರಿ. ತುಮಕೂರಿನಲ್ಲಿ ನಮ್ಮ ಕಚೇರಿ ಕಟ್ಟಿಸುವಾಗ ನಾನೂ ಲೋಹದ ವಿಷಯಕ್ಕೇ ತಲೆ ಕೆಡಿಸಿಕೊಂಡಿದ್ದೆ. ದಕ್ಷಿಣದ ಕಿಟಕಿಗಳ ಮೇಲೆ ಎರಡಡಿ ಚಾಚಿದ ಪಟ್ಟಿಗಳು ಅಂದವಾಗಿ ಕಂಡದ್ದರಿಂದ, ಪಶ್ಚಿಮದ ಗೋಡೆಗೂ ಅದೇ ನಕ್ಷೆಯನ್ನು ಹಾಕಿಸಿದೆ.

ದುಡ್ಡು ಕಳೆದದ್ದು ಅಲ್ಲಿಯೇ. ನಾವಿರುವುದು ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿ; ಡಿಸೆಂಬರ್ ತಿಂಗಳ ನಡುಹಗಲಿನಲ್ಲೂ ಸೂರ್ಯನು ದಕ್ಷಿಣದಲ್ಲಿ 53 ಡಿಗ್ರಿ ಎತ್ತರದಲ್ಲಿರುವುದರಿಂದ, ಎರಡಡಿ ಚಾಚು ಎರಡೂವರೆ ಅಡಿಗೂ ಮಿಕ್ಕಿ ನೆರಳು ಕೊಡುತ್ತದೆ. ಪಶ್ಚಿಮದ ಲೆಕ್ಕವೇ ಬೇರೆ. ಮಾರ್ಚ್ 21ರ ಆಸುಪಾಸಿನಲ್ಲಿ ಸಂಜೆ ನಾಲ್ಕೂವರೆಗೆ ಸೂರ್ಯನು ಸುಮಾರು 30 ಡಿಗ್ರಿಗೆ ಇಳಿದಿರುತ್ತಾನೆ, ಐದೂವರೆಗೆ 15 ಡಿಗ್ರಿಗೆ. ಆಗ ಅದೇ ಎರಡಡಿ ಪಟ್ಟಿಯ ನೆರಳು ಮೊದಲು ಒಂದಡಿ ಚಿಲ್ಲರೆ, ಆಮೇಲೆ ಬರೀ ಅರ್ಧ ಅಡಿ. ಕೆಳಗಿನ ಗಾಜೆಲ್ಲ ಬಿಸಿಲಿಗೆ ಬಿಟ್ಟದ್ದೇ. ಪಟ್ಟಿಗಳನ್ನು ಅರ್ಧ ಅಡಿಗೊಂದರಂತೆ ಜೋಡಿಸಬಹುದು, ಆದರೆ ಅಷ್ಟಕ್ಕೆ ಕಿಟಕಿಯಾದರೂ ಏಕೆ ಬೇಕು? ನಮ್ಮವರು ಮೂರು ಗಂಟೆಗೇ ಪರದೆ ಎಳೆದು, ಹಗಲಲ್ಲೇ ದೀಪ ಹಾಕಿಕೊಂಡು ಕೂರತೊಡಗಿದರು. ಸಾಲದ್ದಕ್ಕೆ ಪಟ್ಟಿಗಳನ್ನು ಚೌಕಟ್ಟಿಗೆ ನೇರವಾಗಿ ವೆಲ್ಡ್ ಮಾಡಿಸಿದ್ದೆ. ತೆಗೆಸಲು ಗ್ಯಾಸ್ ಕಟಿಂಗ್ ಮಾಡಿಸಬೇಕಾಯಿತು. ಕತ್ತರಿಸಿದ ಕಡೆಯೆಲ್ಲ ಸತುವಿನ ಲೇಪ ಸುಟ್ಟುಹೋಗಿ, ಮೊದಲ ಮಳೆಗಾಲಕ್ಕೇ ಗೋಡೆಯ ಮೇಲೆ ತುಕ್ಕಿನ ನೀರು ಇಳಿಯಿತು.

ಆದ್ದರಿಂದ ಕಬ್ಬಿಣವೋ ಅಲ್ಯೂಮಿನಿಯಮೋ ಎಂಬ ಪ್ರಶ್ನೆಯನ್ನು ಸದ್ಯಕ್ಕೆ ಬದಿಗಿಡಿ, ಅಡ್ಡಪಟ್ಟಿಯನ್ನೇ ಕೈಬಿಡಿ. ಪಶ್ಚಿಮಕ್ಕೆ ಬೇಕಾದದ್ದು ಓರೆಯಾಗಿ ತಿರುಗಿಸಿದ ಲಂಬ ಪಟ್ಟಿಗಳು. ಅಹಮದಾಬಾದಿನ ಗಿರಣಿ ಮಾಲೀಕರ ಸಂಘದ ಕಟ್ಟಡದಲ್ಲಿ ವಾಸ್ತುಶಿಲ್ಪಿ ಲ ಕಾರ್ಬೂಸಿಯೇ 1954ರಷ್ಟು ಹಿಂದೆಯೇ ಇದನ್ನು ಕಾಂಕ್ರೀಟಿನಲ್ಲಿ ಮಾಡಿ ತೋರಿಸಿದ್ದಾರೆ: ನದಿಯ ಕಡೆಯ ಪೂರ್ವದ ಹಲಗೆಗಳು ಗೋಡೆಗೆ ನೇರ, ರಸ್ತೆಯ ಕಡೆಯ ಪಶ್ಚಿಮದವು ಓರೆ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳ ಸಂಜೆಯ ಸೂರ್ಯ ವಾಯವ್ಯಕ್ಕೆ ಸರಿಯುವುದರಿಂದ ಪಟ್ಟಿಗಳ ನಡುವಿನ ತೆರಪು ನೈಋತ್ಯಕ್ಕೆ ಮುಖ ಮಾಡಿರಲಿ. ಚಳಿಗಾಲದಲ್ಲಿ ಕೊಂಚ ಬಿಸಿಲು ಒಳಗೆ ಬರುತ್ತದೆ, ನನಗದು ತೊಂದರೆಯೆನಿಸಿಲ್ಲ.

ಇನ್ನು ಲೋಹ. ಮಂಗಳೂರಿನಂಥ ಉಪ್ಪುಗಾಳಿಯ ಊರಾಗಿದ್ದರೆ ಅಲ್ಯೂಮಿನಿಯಂ ಎನ್ನುತ್ತಿದ್ದೆ. ನಿಮಗೆ ಕಬ್ಬಿಣ ಸಾಕು, ಆದರೆ ಕತ್ತರಿಸಿ, ತೂತು ಕೊರೆದು, ವೆಲ್ಡಿಂಗ್ ಎಲ್ಲ ಮುಗಿದ ಮೇಲೆಯೇ ಗ್ಯಾಲ್ವನೈಸ್ ಮಾಡಿಸಿ, ಅಂದರೆ ಸತುವಿನ ಲೇಪ ಕೊಡಿಸಿ, ಚೌಕಟ್ಟಿಗೆ ಬೋಲ್ಟಿನಿಂದ ಮಾತ್ರ ಕೂಡಿಸಿ. ಹಟಕ್ಕೆ ಅಲ್ಯೂಮಿನಿಯಮನ್ನೇ ಆರಿಸಿದರೆ, ಅದು ಉಕ್ಕಿಗೆ ತಾಗುವಲ್ಲೆಲ್ಲ ನೈಲಾನ್ ವಾಷರ್ ಇರಲೇಬೇಕು. ಎರಡು ಲೋಹಗಳ ನಡುವೆ ಮಳೆನೀರು ನಿಂತರೆ ಅಲ್ಯೂಮಿನಿಯಮೇ ಮೊದಲು ಸವೆಯುತ್ತದೆ.