ಅಪ್ಪನ ಹೆಸರಿನ ಜಾಗದಲ್ಲಿ ಅಬ್ರಹಾಮ

ಓದುಗರ ಪತ್ರ: ಸಂಪಾದಕರಿಗೆ ನಮಸ್ಕಾರ. ಹೋದ ತಿಂಗಳ ಸಂಚಿಕೆಯಲ್ಲಿ ಕೊಂಕಣದ ಯಹೂದಿಗಳ ಬಗ್ಗೆ ಬರೆಯುತ್ತಾ "ಯಹೂದಿಗಳಲ್ಲಿ ಮತಾಂತರ ಇಲ್ಲ, ಹುಟ್ಟಿನಿಂದ ಬಂದರಷ್ಟೇ" ಎಂದಿದ್ದೀರಿ. ನನ್ನ ಅಣ್ಣನ ಮಗಳು ನ್ಯೂಜೆರ್ಸಿಯಲ್ಲಿ ಒಬ್ಬ ಯಹೂದಿ ಹುಡುಗನನ್ನು ಮದುವೆಯಾಗುತ್ತಿದ್ದಾಳೆ. ಅದಕ್ಕೆ ಮುಂಚೆ ತಾನೂ ಯಹೂದಿ ಆಗಬೇಕೆಂದು ಒಂದೂವರೆ ವರ್ಷದಿಂದ ಪಾಠಕ್ಕೆ ಹೋಗುತ್ತಿದ್ದಾಳೆ. ಕನ್ಸರ್ವೇಟಿವ್ ಅನ್ನುವ ಪಂಗಡವಂತೆ. ಹಾಗಾದರೆ ಅವಳು ಓದುತ್ತಿರುವುದು ಏನನ್ನು? ಅದು ಮತವೋ, ಜಾತಿಯೋ? ಎಷ್ಟು ಓದಿದರೂ ಅವರು ಇವಳನ್ನು ತಮ್ಮವಳು ಅಂದುಕೊಳ್ಳುತ್ತಾರಾ? ಅಣ್ಣನಿಗೆ ನೋವಾಗಿರುವುದು ಬೇರೆ ವಿಷಯಕ್ಕೆ. ಅವರ ಕಾಗದದಲ್ಲಿ ಅಪ್ಪನ ಹೆಸರಿನ ಜಾಗದಲ್ಲಿ ಅಬ್ರಹಾಮ ಎಂದು ಬರೆಯುತ್ತಾರಂತೆ. "ಹಾಗಾದರೆ ನಾನು ಸತ್ತೆನಾ?" ಎಂದು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮದುವೆಗೆ ಕೋಡುಬಳೆ, ಕೊಬ್ಬರಿ ಮಿಠಾಯಿ ಮಾಡಿಕೊಂಡು ಹೋಗೋಣ ಅಂತಿದ್ದೇನೆ. ತಿನ್ನುತ್ತಾರಾ, ಅದನ್ನಾದರೂ ಹೇಳಿ. (ನಿವೃತ್ತ ಶಿಕ್ಷಕಿ, ಶಿವಮೊಗ್ಗ. ಹೆಸರು ಹಾಕಬೇಡಿ.)

ಸಂಪಾದಕರ ಉತ್ತರ:

ಮೇಡಂ, ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳುತ್ತೇನೆ. ಆ ಸಾಲು ಹಾಗೆ ಬರಬಾರದಿತ್ತು. ಯಹೂದಿಗಳು ಮನೆಮನೆಗೆ ಹೋಗಿ ಜನರನ್ನು ಸೇರಿಸಿಕೊಳ್ಳುವುದಿಲ್ಲ, ಅಷ್ಟು ನಿಜ. ಆದರೆ ತಾವಾಗಿ ಬಂದವರಿಗೆ ಒಂದು ಬಾಗಿಲು ಇದೆ. ಸಾವಿರಾರು ವರ್ಷದಿಂದ ಇದೆ. ಅದಕ್ಕೆ ಗಿಯೂರ್ ಎನ್ನುತ್ತಾರೆ, ಹಾಗೆ ಬಂದವರಿಗೆ ಗೇರ್ ಎನ್ನುತ್ತಾರೆ, ಹೆಣ್ಣಾದರೆ ಗಿಯೋರೆತ್. ಬಾಗಿಲು ಸ್ವಲ್ಪ ಬಿಗಿ. ತಟ್ಟಿದ ತಕ್ಷಣ ತೆಗೆಯುವುದಿಲ್ಲ.

ಅವರ ಹಳೆಯ ಶಾಸ್ತ್ರಚರ್ಚೆಯ ಗ್ರಂಥ ತಾಲ್ಮುದ್‌ನಲ್ಲಿ ಇದರ ಕ್ರಮ ಬರೆದಿದೆ. ಯಾರಾದರೂ ಬಂದರೆ ಮೊದಲ ಪ್ರಶ್ನೆ "ಯಾಕಪ್ಪಾ ಬಂದೆ? ಈ ಜನ ಈಗ ಎಂಥ ಕಷ್ಟದಲ್ಲಿದ್ದಾರೆ, ಎಲ್ಲರ ಕೈಯಲ್ಲೂ ಹೇಗೆ ಏಟು ತಿನ್ನುತ್ತಿದ್ದಾರೆ, ನಿನಗೆ ಗೊತ್ತಿಲ್ವಾ?" ಎಂದು. "ಗೊತ್ತು, ನನಗೆ ಅಷ್ಟು ಯೋಗ್ಯತೆಯೂ ಇಲ್ಲ" ಎಂದರೆ ಆಗ ಒಪ್ಪಿಕೊಳ್ಳಬೇಕು. ಮೂರು ಸಲ ವಾಪಸ್ ಕಳಿಸುವ ರೂಢಿಯೂ ಇದೆ. ನಿಮ್ಮ ಅಣ್ಣನ ಮಗಳನ್ನು ಹಾಗೆ ಕಳಿಸಿರಲಿಕ್ಕಿಲ್ಲ. ಅಮೆರಿಕದಲ್ಲಿ ಈಗ ಆ ನಾಟಕ ಕಡಿಮೆ, ಪಾಠ ಜಾಸ್ತಿ.

ಅವಳು ಓದುತ್ತಿರುವುದು ಏನು ಎಂದರೆ, ವರ್ಷದ ಹಬ್ಬಗಳು, ಶನಿವಾರದ ವಿರಾಮ (ಶುಕ್ರವಾರ ಹೊತ್ತು ಮುಳುಗುತ್ತಲೇ ಅದು ಶುರು), ಅಡುಗೆಮನೆಯ ನಿಯಮ, ಒಂದಿಷ್ಟು ಹೀಬ್ರೂ ಓದು, ಪ್ರಾರ್ಥನೆ, ಚರಿತ್ರೆ. ದೇವರನ್ನು ನಂಬುತ್ತೀಯಾ ಎಂದು ಕೇಳುವುದಕ್ಕಿಂತ ಶುಕ್ರವಾರ ಸಂಜೆ ಏನು ಮಾಡುತ್ತೀಯ ಎಂದು ಕೇಳುವ ಧರ್ಮ ಇದು. ಕೊನೆಗೆ ಮೂರು ಜನ ಕೂತು ಪ್ರಶ್ನೆ ಕೇಳುತ್ತಾರೆ. ಆ ಮೂವರ ಪೀಠಕ್ಕೆ ಬೇತ್ ದೀನ್ ಎಂದು ಹೆಸರು.

ಆಮೇಲೆ ನೀರು. ಮಿಕ್ವೆ ಅನ್ನುವ ಕೊಳ. ಎದೆಮಟ್ಟದ ನೀರಿಗೆ ಕೆಲವು ಮೆಟ್ಟಿಲು ಇಳಿಯಬೇಕು. ಮಳೆಯದೋ ಊಟೆಯದೋ ನೀರು ಅದರಲ್ಲಿ ಸೇರಿರಬೇಕು, ಬರೀ ನಲ್ಲಿ ನೀರು ತುಂಬಿದರೆ ಆಗುವುದಿಲ್ಲ. ಇಳಿಯುವ ಮುಂಚೆ ತಲೆಸ್ನಾನ ಮಾಡಿ ಕೂದಲ ಸಿಕ್ಕು ಬಿಡಿಸಬೇಕು. ಉಂಗುರ, ಓಲೆ, ಬಳೆ, ಮೂಗುತಿ ಎಲ್ಲ ತೆಗೆಯಬೇಕು. ಉಗುರಿನ ಬಣ್ಣ ಒರೆಸಬೇಕು. ಹಣೆಯ ಬೊಟ್ಟೂ ಇರುವ ಹಾಗಿಲ್ಲ. ಮೈಗೂ ನೀರಿಗೂ ನಡುವೆ ಏನೂ ಅಡ್ಡ ಬರಬಾರದು ಅನ್ನುವುದು ಲೆಕ್ಕ. ಪೂರ್ತಿ ಮುಳುಗಬೇಕು, ಒಂದು ಎಳೆ ಕೂದಲೂ ಮೇಲೆ ತೇಲಬಾರದು. ಹೆಂಗಸರಾದರೆ ಒಳಗೆ ಒಬ್ಬ ಹೆಂಗಸು ನಿಂತು ನೋಡುತ್ತಾರೆ. ಮುಳುಗಿ ಎದ್ದಾಗ "ಕೋಶರ್" ಎನ್ನುತ್ತಾರೆ, ಸರಿಯಾಯ್ತು ಎಂದು. ಬಾಗಿಲಾಚೆ ನಿಂತ ರಬ್ಬಿಗಳಿಗೆ, ಅಂದರೆ ಅವರ ಧರ್ಮಗುರುಗಳಿಗೆ, ಕಾಣುವುದಿಲ್ಲ, ಕೇಳುತ್ತದೆ ಅಷ್ಟೇ. ಗಂಡಸರಿಗೆ ಇದರ ಜೊತೆ ಸುನ್ನತಿಯೂ ಉಂಟು.

ನೀರಿನಿಂದ ಎದ್ದವಳು ಆಗ ತಾನೇ ಹುಟ್ಟಿದ ಮಗುವಿನ ಹಾಗೆ ಎಂದು ಶಾಸ್ತ್ರ. ನಿಮ್ಮಣ್ಣನ ನೋವಿನ ಬೇರು ಅಲ್ಲೇ ಇದೆ. ಆದ್ದರಿಂದ ಮತವೋ ಜಾತಿಯೋ ಎಂಬ ಪ್ರಶ್ನೆಗೆ ನನ್ನ ಉತ್ತರ ಇದು: ಎರಡೂ ಪದ ಪೂರ್ತಿ ಹೊಂದುವುದಿಲ್ಲ. ಮನೆತನ ಅನ್ನಿ. ಅದಕ್ಕೆ ಸೇರುವುದು ದತ್ತು ಹೋದ ಹಾಗೆ. ಒಂದೇ ವ್ಯತ್ಯಾಸ, ಇಲ್ಲಿ ಅರ್ಜಿ ಹಾಕುವುದು ಮಗು. ದತ್ತು ಹೋದವರಿಗೆ ಗೋತ್ರ ಬದಲಾಗುತ್ತದಲ್ಲ, ಹಾಗೆ ಇಲ್ಲಿ ಅಪ್ಪನ ಹೆಸರು ಯಹೂದಿಗಳ ಮೂಲಪುರುಷ ಅಬ್ರಹಾಮ, ಅಮ್ಮನ ಹೆಸರು ಅವನ ಹೆಂಡತಿ ಸಾರಾ. ನಿಮ್ಮ ಮನೆಯಲ್ಲಿ ಗೋತ್ರ ಹೇಳುವ ಪದ್ಧತಿ ಇದ್ದರೆ ಅಣ್ಣನಿಗೆ ಒಂದು ಮಾತು ಹೇಳಿ. ಮಗಳು ನಮ್ಮವರನ್ನೇ ಮದುವೆಯಾಗಿದ್ದರೂ ಧಾರೆಯ ದಿನ ಅವಳ ಗೋತ್ರ ಬದಲಾಗುತ್ತಿತ್ತು. ಆಗ ಅವರು ಊಟ ಬಿಡುತ್ತಿರಲಿಲ್ಲ ಅಲ್ವಾ?

ಈ ಅಬ್ರಹಾಮನ ಹೆಸರು ಬರುವುದು ಹೀಬ್ರೂ ಹೆಸರಿನಲ್ಲಿ ಮಾತ್ರ. ಅವರ ಪ್ರಾರ್ಥನಾ ಮಂದಿರವಾದ ಸಿನಗಾಗ್‌ನಲ್ಲಿ ಧರ್ಮಗ್ರಂಥ ಓದಲು ಕರೆಯುವಾಗ, ಮದುವೆಯ ಒಪ್ಪಂದದಲ್ಲಿ, ಕೊನೆಗೆ ಸಮಾಧಿಯ ಕಲ್ಲಿನ ಮೇಲೆ. ಪಾಸ್‌ಪೋರ್ಟ್‌ನಲ್ಲಿ ನಿಮ್ಮಣ್ಣನೇ ಅಪ್ಪ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಹೊಸದಾಗಿ ಹುಟ್ಟಿದ ಮಗು ಎಂದ ಅದೇ ಶಾಸ್ತ್ರ, ಹಡೆದ ತಂದೆ ತಾಯಿಗೆ ಅವಮಾನ ಮಾಡಕೂಡದು ಎಂದೂ ಹೇಳುತ್ತದೆ. ಹನ್ನೆರಡನೇ ಶತಮಾನದ ದೊಡ್ಡ ಪಂಡಿತ ಮೈಮೊನಿಡೀಸ್ ಇದನ್ನು ನಿಯಮವಾಗಿಯೇ ಬರೆದಿಟ್ಟಿದ್ದಾನೆ. ಇಲ್ಲದಿದ್ದರೆ ಜನ "ಇವರು ದೊಡ್ಡ ಕಟ್ಟುಪಾಡು ಬಿಟ್ಟು ಸಣ್ಣದಕ್ಕೆ ಬಂದರು" ಎಂದು ಆಡಿಕೊಳ್ಳುತ್ತಾರೆ ಎಂಬುದು ಅವನು ಕೊಡುವ ಕಾರಣ. ಹಡೆದವರು ತೀರಿಕೊಂಡಾಗ ಹೇಳುವ ಕದ್ದೀಶ್ ಪ್ರಾರ್ಥನೆಯನ್ನು ಯಹೂದಿಗಳಲ್ಲದ ತಂದೆ ತಾಯಿಗೂ ಹೇಳಬಹುದು ಎಂದು ಹಲವು ರಬ್ಬಿಗಳು ಒಪ್ಪಿದ್ದಾರೆ.

ಒಂದು ಕಡೆ ಮಾತ್ರ ರಾಜಿ ಇಲ್ಲ, ಅದನ್ನು ಮುಚ್ಚಿಟ್ಟರೆ ನಿಮಗೆ ಮೋಸ ಮಾಡಿದ ಹಾಗೆ. ಊರಿಗೆ ಬಂದಾಗ ಅವಳು ದೇವರ ಕೋಣೆಯಲ್ಲಿ ಕೈಮುಗಿಯಲಿಕ್ಕಿಲ್ಲ. ಮಂಗಳಾರತಿ ತೆಗೆದುಕೊಳ್ಳಲಿಕ್ಕಿಲ್ಲ. ಮೂರ್ತಿಪೂಜೆಯ ವಿಷಯದಲ್ಲಿ ಯಹೂದಿ ಧರ್ಮ ಬಲು ಕಟ್ಟುನಿಟ್ಟು. ಗಣೇಶನ ಹಬ್ಬದ ದಿನವೇ ಇದು ಎದುರಾಗುವುದು ಬೇಡ. ಮೊದಲೇ ಫೋನಿನಲ್ಲಿ ಕೇಳಿ ತಿಳಿದುಕೊಳ್ಳಿ.

ಈಗ ನಿಮ್ಮ ಕಷ್ಟದ ಪ್ರಶ್ನೆ. ಅವಳನ್ನು ತಮ್ಮವಳು ಅಂದುಕೊಳ್ಳುತ್ತಾರಾ?

ಸುಮಾರು ಎಂಟುನೂರು ವರ್ಷದ ಹಿಂದೆ ಓಬದ್ಯ ಎಂಬುವನು ಇದೇ ಪ್ರಶ್ನೆಯನ್ನು ಪತ್ರದಲ್ಲಿ ಬರೆದು ಮೈಮೊನಿಡೀಸನಿಗೆ ಕಳಿಸಿದ್ದ. ಅವನೂ ಗೇರ್. ಪ್ರಾರ್ಥನೆಯಲ್ಲಿ "ನಮ್ಮ ಪಿತೃಗಳ ದೇವರೇ" ಎಂದು ಬರುತ್ತದಲ್ಲ, ನನ್ನ ಪಿತೃಗಳು ಬೇರೆ, ನಾನು ಹಾಗೆ ಹೇಳಬಹುದಾ ಎಂದು ಕೇಳಿದ್ದ. ಉತ್ತರ ಸ್ಪಷ್ಟವಾಗಿತ್ತು. ಒಂದಕ್ಷರವನ್ನೂ ಬದಲಿಸಬೇಡ, ಎಲ್ಲರೂ ಹೇಳುವ ಹಾಗೇ ಹೇಳು. ನಮ್ಮ ವಂಶ ಅಬ್ರಹಾಮನವರೆಗೆ ಹೋಗುತ್ತದೆ, ನಿನ್ನದು ನೇರ ಲೋಕ ಸೃಷ್ಟಿಸಿದವನವರೆಗೆ. ಇನ್ನೊಂದು ಸಲ ಇದೇ ಓಬದ್ಯನನ್ನು ಅವನ ಗುರು ವಾದದ ನಡುವೆ ಮೂರ್ಖ ಎಂದು ಬೈದಿದ್ದರಂತೆ. ಆ ಗುರು ಹೋಗಿ ನಿನ್ನ ಕ್ಷಮೆ ಕೇಳಬೇಕು ಎಂದು ಮೈಮೊನಿಡೀಸ್ ಬರೆದ. ಓದುಗರ ಪತ್ರಕ್ಕೆ ಅಂಥ ಉತ್ತರ ಬರೆಯುವ ಯೋಗ್ಯತೆ ನನಗೆ ಯಾವತ್ತು ಬರುತ್ತದೋ!

ಆದರೆ ಗೇರ್‌ಗೆ ಅವನ ಹಳೆಯದನ್ನು ನೆನಪಿಸಿ ನೋಯಿಸಬೇಡಿ ಎನ್ನುವ ತಾಲ್ಮುದ್‌ನಲ್ಲೇ, ಗೇರ್‌ಗಳು ಇಸ್ರೇಲ್ ಜನರ ಮೈಮೇಲಿನ ಕಜ್ಜಿಯ ಹಾಗೆ ಎಂದ ಒಬ್ಬ ರಬ್ಬಿಯ ಮಾತೂ ಉಳಿದುಕೊಂಡಿದೆ. ನೀವು ಬೈಬಲಿನ ರೂತಳ ಕಥೆ ಕೇಳಿರಬಹುದು, ಮೋವಾಬ್ ಎಂಬ ಪರನಾಡಿನಿಂದ ಬಂದು ಈ ಜನವನ್ನು ಸೇರಿದವಳು. ಅತ್ತೆಗೆ ಅವಳು ಹೇಳುವುದು ನಿನ್ನ ಜನವೇ ನನ್ನ ಜನ, ನಿನ್ನ ದೇವರೇ ನನ್ನ ದೇವರು ಎಂದು. ಜನ ಮೊದಲು, ದೇವರು ಆಮೇಲೆ. ದಾವೀದ ರಾಜನಿಗೆ ಮುತ್ತಜ್ಜಿಯಾದವಳು ಅವಳು. ಆದರೂ ಕಥೆಯ ಕೊನೆಯ ಅಧ್ಯಾಯದಲ್ಲಿ, ಮದುವೆಯ ಮಾತು ನಡೆಯುವಾಗಲೂ, ಅವಳು "ಮೋವಾಬಿನ ರೂತ್" ಅಂತಲೇ ಇದ್ದಾಳೆ. ಊರಿನ ಚೀಟಿ ಬಿಟ್ಟಿಲ್ಲ.

ಇವತ್ತಿನ ಕಾಲದಲ್ಲಿ ಆ ಚೀಟಿ ಯಾವ ರಬ್ಬಿಯ ಸಹಿ ಎಂಬ ರೂಪದಲ್ಲಿ ಬರುತ್ತದೆ. ಕಟ್ಟುನಿಟ್ಟಿನ ಆರ್ಥೊಡಾಕ್ಸ್, ಸಡಿಲವಾದ ರಿಫಾರ್ಮ್, ಇವೆರಡರ ನಡುವಿನ ಕನ್ಸರ್ವೇಟಿವ್ ಪಂಗಡದಲ್ಲಿ ನಿಮ್ಮ ಹುಡುಗಿ ಸೇರುತ್ತಿದ್ದಾಳೆ. ಅಮೆರಿಕದಲ್ಲಿ ಅವಳ ಸಿನಗಾಗ್‌ಗೆ, ಗಂಡನ ಮನೆಗೆ ಅದು ಸಾಕು. ಆ ಪಂಗಡದ ರಬ್ಬಿಗಳು ಯಹೂದಿ ಅಲ್ಲದವರ ಜೊತೆಗಿನ ಮದುವೆ ಮಾಡಿಸುವುದಿಲ್ಲ, ಪಾಠ ಮದುವೆಗಿಂತ ಮುಂಚೆ ನಡೆಯುತ್ತಿರುವುದಕ್ಕೆ ಅದೂ ಒಂದು ಕಾರಣ ಇರಬಹುದು. ಪಾಠವೇ ಇಲ್ಲದೆ ಮದುವೆಯಾಗುವವರು ಬೇಕಾದಷ್ಟು ಜನ. ಅಮೆರಿಕದ ಪ್ಯೂ ಎಂಬ ಸಂಶೋಧನಾ ಸಂಸ್ಥೆಯ 2020ರ ಸಮೀಕ್ಷೆಯಲ್ಲಿ, 2010ರ ನಂತರ ಮದುವೆಯಾದ ಅಮೆರಿಕದ ಯಹೂದಿಗಳಲ್ಲಿ 61 ಶೇಕಡಾ ಜನರ ಗಂಡ ಅಥವಾ ಹೆಂಡತಿ ಯಹೂದಿ ಅಲ್ಲ. ಇವಳು ಕಷ್ಟದ ದಾರಿಯನ್ನೇ ಹಿಡಿದಿದ್ದಾಳೆ.

ನಾಳೆ ಇಸ್ರೇಲಿಗೆ ಹೋಗಿ ನೆಲೆಸುತ್ತೇನೆ ಎಂದರೆ ಅಲ್ಲಿನ ಸರ್ಕಾರ ಅವಳ ಮತಾಂತರ ಒಪ್ಪಿ ಪೌರತ್ವ ಕೊಡುತ್ತದೆ. ಆದರೆ ಅಲ್ಲಿ ಮದುವೆ ವಿಚ್ಛೇದನಗಳು ಆರ್ಥೊಡಾಕ್ಸ್ ರಬ್ಬಿಗಳ ಕೈಯಲ್ಲಿವೆ, ಅವರ ಪ್ರಕಾರ ಅವಳು ಯಹೂದಿ ಅಲ್ಲ. ಒಂದೇ ದೇಶ, ಎರಡು ಕಚೇರಿ, ಎರಡು ಉತ್ತರ. ನಮ್ಮ ತಾಲ್ಲೂಕು ಕಚೇರಿ ನೋಡಿದವರಿಗೆ ಇದು ಹೊಸದಲ್ಲ ಬಿಡಿ. ಇಸ್ರೇಲಿನ ಒಳಗೇ ರಿಫಾರ್ಮ್, ಕನ್ಸರ್ವೇಟಿವ್ ಪಂಗಡಗಳಲ್ಲಿ ಮತಾಂತರವಾದವರಿಗೆ ಪೌರತ್ವದ ಹಕ್ಕು ಸಿಕ್ಕಿದ್ದು 2021ರಲ್ಲಿ, ಅದೂ ಸುಪ್ರೀಂ ಕೋರ್ಟಿನಿಂದ.

ಹಾಗಂತ ಆರ್ಥೊಡಾಕ್ಸ್ ಸಹಿ ಇದ್ದರೆ ನಿಶ್ಚಿಂತೆ ಎಂದೂ ಇಲ್ಲ. ಅಷ್ಡೋದ್ ಊರಲ್ಲಿ ಒಬ್ಬ ಹೆಂಗಸು ಗಂಡನಿಂದ ವಿಚ್ಛೇದನ ಕೇಳಲು ರಬ್ಬಿಗಳ ಕೋರ್ಟಿಗೆ ಹೋದಳು. ಅವಳು ಆರ್ಥೊಡಾಕ್ಸ್ ಕ್ರಮದಲ್ಲೇ ಮತಾಂತರವಾಗಿ ಹದಿನೈದು ವರ್ಷ ಆಗಿತ್ತು. ನ್ಯಾಯಾಧೀಶರು ಶನಿವಾರದ ನಿಯಮ ಪಾಲಿಸುತ್ತೀಯಾ ಎಂಬಂಥ ಪ್ರಶ್ನೆ ಕೇಳಿದರು. ಉತ್ತರ ಹಿಡಿಸಲಿಲ್ಲ. ನಿನ್ನ ಮತಾಂತರವೇ ಅಸಿಂಧು, ಮಕ್ಕಳೂ ಯಹೂದಿಗಳಲ್ಲ ಎಂದುಬಿಟ್ಟರು. 2008ರಲ್ಲಿ ಮೇಲಿನ ರಬ್ಬಿ ಕೋರ್ಟು ಇದನ್ನು ಎತ್ತಿಹಿಡಿಯಿತು. ಅಷ್ಟೇ ಅಲ್ಲ, ಸರ್ಕಾರದ ಮತಾಂತರ ವಿಭಾಗದ ಮುಖ್ಯಸ್ಥರಾಗಿದ್ದ ರಬ್ಬಿ ಹಾಯಿಮ್ ದ್ರುಕ್ಮನ್ ಅವರು ಮಾಡಿಸಿದ ಸಾವಿರಾರು ಮತಾಂತರಗಳನ್ನೇ ಅನುಮಾನಕ್ಕೆ ಈಡುಮಾಡಿತು. ವಿಚ್ಛೇದನ ಕೇಳಲು ಹೋದವಳಿಗೆ ನೀನು ಯಾರೂ ಅಲ್ಲ ಎಂಬ ಉತ್ತರ. ದೇಶದ ಸುಪ್ರೀಂ ಕೋರ್ಟು ಆಮೇಲೆ ಇದನ್ನು ಸರಿಪಡಿಸಿತು ನಿಜ, ಆದರೆ ನಡುವಿನ ವರ್ಷಗಳಲ್ಲಿ ಆ ಮನೆಗಳಲ್ಲಿ ಎಷ್ಟು ಜನರಿಗೆ ನಿದ್ದೆ ಬಂದಿರಲಿಕ್ಕಿಲ್ಲ.

ನಿಮ್ಮನ್ನು ಹೆದರಿಸಲು ಇದನ್ನೆಲ್ಲ ಬರೆಯುತ್ತಿಲ್ಲ. ಅನುಮಾನ ಬಂದು ಸೇರಿದವರ ಮೇಲೆ ಮಾತ್ರ ಬೀಳುವುದಿಲ್ಲ, ಹುಟ್ಟಿನಿಂದ ಬಂದವರ ಮೇಲೂ ಬಿದ್ದಿದೆ. ಹೋದ ತಿಂಗಳು ನಾವು ಬರೆದ ಕೊಂಕಣದ ಬೆನೆ ಇಸ್ರೇಲಿಗಳನ್ನೇ ನೋಡಿ. ಅಲಿಬಾಗ್ ಸುತ್ತಿನ ಹಳ್ಳಿಗಳಲ್ಲಿ ಗಾಣ ತಿರುಗಿಸುತ್ತಾ, ಶನಿವಾರ ಮಾತ್ರ ನಿಲ್ಲಿಸುತ್ತಾ ಇದ್ದವರು. ಊರವರು "ಶನಿವಾರ್ ತೇಲಿ", ಶನಿವಾರದ ಗಾಣಿಗರು, ಎಂದೇ ಕರೆದರು. ಪೆಣ್ಕರ್, ರೋಹೇಕರ್, ನವಗಾಂವ್ಕರ್ ಎಂದೆಲ್ಲ ಹೆಸರು. 1948ರ ನಂತರ ಖುಷಿಯಿಂದ ಇಸ್ರೇಲಿಗೆ ಹೋದರು. ಅಲ್ಲಿ 1960ರ ದಶಕದ ಮೊದಲಲ್ಲಿ ಮುಖ್ಯ ರಬ್ಬಿಗಳ ಕಚೇರಿ ಒಂದು ಸುತ್ತೋಲೆ ಹೊರಡಿಸಿತು. ಬೆನೆ ಇಸ್ರೇಲಿಗಳು ಮದುವೆ ನೋಂದಾಯಿಸಲು ಬಂದರೆ ಅವರ ಅಮ್ಮ, ಅಜ್ಜಿ, ಮುತ್ತಜ್ಜಿ, ಎಷ್ಟು ಹಿಂದಕ್ಕೆ ಆಗುತ್ತೋ ಅಷ್ಟು ವಿಚಾರಿಸಿ ಎಂದು. 1964ರಲ್ಲಿ ಇವರು ಜೆರುಸಲೇಮಿನಲ್ಲಿ ಧರಣಿ ಕೂತರು. ಆಗಸ್ಟ್‌ನಲ್ಲಿ ಅಲ್ಲಿನ ಸಂಸತ್ತು, ಇವರು ಎಲ್ಲ ರೀತಿಯಲ್ಲೂ ಯಹೂದಿಗಳೇ ಎಂದು ಹೇಳಬೇಕಾಯಿತು. ಆಮೇಲೆ ಇಥಿಯೋಪಿಯಾದಿಂದ ಬಂದವರಿಗೂ ಇದೇ ಗತಿ. ಅವರು ಯಹೂದಿಗಳೇ ಎಂದು 1973ರಲ್ಲೇ ಒಬ್ಬ ಮುಖ್ಯ ರಬ್ಬಿ ಹೇಳಿಯಾಗಿತ್ತು. ಆದರೂ ಬಂದಿಳಿದ ಮೇಲೆ ಒಂದು ಸಲ ಮಿಕ್ವೆಯಲ್ಲಿ ಮುಳುಗಿ ಅಂದರು. ಅವರೂ 1985ರಲ್ಲಿ ಬೀದಿಗಿಳಿದರು.

ಒಮ್ಮೆ ಥಾಣೆಯಲ್ಲಿ ಒಬ್ಬ ಬೆನೆ ಇಸ್ರೇಲಿ ಗೆಳೆಯರ ಮನೆಯ ಮಲಿದಾಕ್ಕೆ ಹೋಗಿದ್ದೆ. ಪ್ರವಾದಿ ಎಲೀಯನ ಹೆಸರಿನಲ್ಲಿ ಮಾಡುವ ಹರಕೆ ಅದು. ಹಿತ್ತಾಳೆ ತಟ್ಟೆಯಲ್ಲಿ ಅವಲಕ್ಕಿ, ಬೆಲ್ಲ, ಕಾಯಿತುರಿ, ಏಲಕ್ಕಿ. ಸುತ್ತ ಬಾಳೆಹಣ್ಣು, ಖರ್ಜೂರ. ಹಾಡು ಹೀಬ್ರೂ, ಮಾತೆಲ್ಲ ಮರಾಠಿ. ಕೃಷ್ಣ ಜನ್ಮಾಷ್ಟಮಿಗೆ ನಮ್ಮಮ್ಮ ಕಲಸುತ್ತಿದ್ದ ಅವಲಕ್ಕಿಯ ರುಚಿಯೇ. ಗೆಳೆಯರ ಅಜ್ಜಿಗೆ ಹಾಗೆ ಹೇಳಿಬಿಟ್ಟೆ. ಅವರು ನಕ್ಕು, "ಇಸ್ರೇಲಿನಲ್ಲೂ ಹಿಂಗೇ ಅಂದು ನಮ್ಮನ್ನ ಅನುಮಾನ ಮಾಡಿದ್ದು" ಅಂದರು. ನಾನು ತೆಪ್ಪಗೆ ತಿಂದೆ.

ನಮ್ಮ ಕಡೆಯದೂ ಒಂದಿದೆ. ಟುನೀಶಿಯಾ ಮೂಲದ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು ಮಂಗಳೂರಿನಲ್ಲಿ ಹದಿನೇಳು ವರ್ಷದ ಹತ್ತಿರ ಇದ್ದ. 1132ರ ಅಕ್ಟೋಬರ್‌ನಲ್ಲಿ ಅಲ್ಲಿ ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿ ಪತ್ರ ಬರೆದ. ಆ ಪತ್ರ ಇಂದಿಗೂ ಉಳಿದಿದೆ. ಬಿಡುಗಡೆಯಾದ ದಾಸಿ ಅವರ ಶಾಸ್ತ್ರದಂತೆ ಪೂರ್ತಿ ಯಹೂದಿ. ಆ ಪತ್ರದಲ್ಲಿ ಅವಳಿಗೆ ಹೊಸ ಹೆಸರು ಬೆರಾಖಾ, ಅಂದರೆ ಆಶೀರ್ವಾದ. ಅವಳನ್ನೇ ಅವನು ಮದುವೆಯಾದ ಎಂಬುದು ವಿದ್ವಾಂಸರ ಅಂದಾಜು. ಮುಂದೆ ಅವನು ಹಿಂತಿರುಗಿದ ಮೇಲೆ, 1156ರಲ್ಲಿ ಅವನ ಮಗಳು ಈಜಿಪ್ಟಿನಲ್ಲಿ ಅವನ ಸ್ವಂತ ಅಣ್ಣತಮ್ಮಂದಿರ ಮನೆಗೇ ಸೊಸೆಯಾದಳು. ಕರಾವಳಿಯ ಹೆಣ್ಣಿನ ಮಗಳನ್ನು ಮನೆ ತುಂಬಿಸಿಕೊಳ್ಳುವ ಮುಂಚೆ ಅಲ್ಲಿ ಏನೇನು ಮಾತು ಬಂತೋ, ಆಶುವಿನ ಅಣ್ಣ ಊಟ ಬಿಟ್ಟನೋ ಇಲ್ಲವೋ, ಯಾವ ಕಾಗದದಲ್ಲೂ ಇಲ್ಲ.

ಆದ್ದರಿಂದ ಮೇಡಂ, ತಮ್ಮವಳು ಅಂದುಕೊಳ್ಳುತ್ತಾರಾ ಎಂದರೆ, ಅತ್ತೆಯ ಮನೆಯಲ್ಲಿ, ಶುಕ್ರವಾರದ ಊಟದ ಮೇಜಿನಲ್ಲಿ ಬೇಗ ಅಂದುಕೊಳ್ಳುತ್ತಾರೆ. ಕಚೇರಿಯ ಕಿಟಕಿಯಲ್ಲಿ ಕಾಗದ ಕೇಳುತ್ತಾರೆ. ನಡುವೆ ಯಾರಾದರೂ "ನೀನು ನೋಡಲು ಯಹೂದಿ ಥರ ಇಲ್ಲವಲ್ಲ" ಎಂದೇ ಎನ್ನುತ್ತಾರೆ. ಆ ಪ್ರಶ್ನೆ ಥಾಣೆಯ ಅಜ್ಜಿಗೂ ತಪ್ಪಿಲ್ಲ.

ಕೋಡುಬಳೆ ವಿಷಯ. ಸಸ್ಯಾಹಾರ ತಾನೇ ಅಂದುಕೊಳ್ಳಬೇಡಿ. ಕಟ್ಟುನಿಟ್ಟಿನ ಮನೆಯಾದರೆ ಬಾಣಲೆ ಯಾರದು, ಆ ಅಡುಗೆಮನೆಯಲ್ಲಿ ಇನ್ನೇನು ಬೇಯುತ್ತದೆ ಎಲ್ಲ ಲೆಕ್ಕಕ್ಕೆ ಬರುತ್ತದೆ. ಸಡಿಲ ಮನೆಯಾದರೆ ಡಬ್ಬಿ ಖಾಲಿ ಮಾಡುತ್ತಾರೆ. ಅವಳನ್ನೇ ಕೇಳಿಬಿಡಿ. ಅನುಮಾನವಿದ್ದರೆ ಇಲ್ಲಿಂದ ಮಾಡಿಕೊಂಡು ಹೋಗಬೇಡಿ. ಅಲ್ಲಿ ಹೋಗಿ ಅವಳ ಅಡುಗೆಮನೆಯಲ್ಲಿ, ಅವಳದೇ ಹಿಟ್ಟು ಎಣ್ಣೆಯಲ್ಲಿ ಕರಿಯಿರಿ. ಶುಕ್ರವಾರವಾದರೆ ಹೊತ್ತು ಮುಳುಗುವ ಮುಂಚೆ ಮುಗಿಸಿ, ಆಮೇಲೆ ಒಲೆ ಹಚ್ಚುವ ಹಾಗಿಲ್ಲ. ಇನ್ನೊಂದು, ಒಲೆ ನೀವು ಹಚ್ಚಬೇಡಿ. ಯಹೂದಿ ಕೈ ಉರಿ ಹಚ್ಚಿದರೆ ಬೇರೆಯವರು ಮಾಡಿದ ಅಡುಗೆಯೂ ನಡೆಯುತ್ತದೆ ಎಂದು ಅವರಲ್ಲಿ ಒಂದು ನಿಯಮ ಇದೆ. ಅವಳು ಹಚ್ಚಲಿ, ನೀವು ಕರಿಯಿರಿ.