ಸಾಲ ಮಾಡಿ ದಶಮಾಂಶ ಕೊಡಬೇಕೇ?

ಪ್ರಶ್ನೆ: ನನ್ನ ಪತಿಗೆ ತಿಂಗಳಿಗೆ 24,000 ರೂಪಾಯಿ ಸಂಬಳ. ಮನೆ ಬಾಡಿಗೆ, ಇಬ್ಬರು ಮಕ್ಕಳ ಶಾಲೆಯ ಖರ್ಚು, ಅತ್ತೆಯವರ ಔಷಧಿ ಎಲ್ಲವೂ ಅದರಲ್ಲೇ ಆಗಬೇಕು. ಆರು ತಿಂಗಳ ಹಿಂದೆ ನಮ್ಮ ಸಭೆಗೆ ಬಂದ ಪ್ರಸಂಗಿಯೊಬ್ಬರು, ದಶಮಾಂಶ, ಅಂದರೆ ಆದಾಯದ ಹತ್ತರಲ್ಲಿ ಒಂದು ಪಾಲು, ಕೊಡದವರು ದೇವರಿಂದ ಕದಿಯುವವರೆಂದೂ ಅಂಥವರ ಮನೆಯಿಂದ ಕಾಯಿಲೆ ಹೋಗುವುದಿಲ್ಲವೆಂದೂ ಹೇಳಿದರು. ಅಂದಿನಿಂದ ಎರಡು ಸಲ ಸ್ವಸಹಾಯ ಸಂಘದಲ್ಲಿ ಸಾಲ ತೆಗೆದು ದಶಮಾಂಶ ಕೊಟ್ಟಿದ್ದೇವೆ. ಉಳಿದ ತಿಂಗಳುಗಳದ್ದು ಬಾಕಿ ಇದೆ ಎಂಬ ಚಿಂತೆಯಿಂದ ನನಗೆ ನಿದ್ರೆ ಬರುತ್ತಿಲ್ಲ. ಕೊಡದಿರುವುದು ಪಾಪವೇ? ಸಭೆಗೆ ಕೊಡುವ ಬದಲು ಬಡವರಿಗೆ ನೇರವಾಗಿ ಕೊಡಬಾರದೇ?
– ಒಬ್ಬ ಸಹೋದರಿ, ಧಾರವಾಡ ಜಿಲ್ಲೆ

ಉತ್ತರ: ಪ್ರಿಯ ಸಹೋದರಿ, ನಿಮ್ಮ ಅತ್ತೆಯವರ ಕಾಯಿಲೆಗೂ ನೀವು ಕೊಡದೆ ಉಳಿದ ಹಣಕ್ಕೂ ಯಾವ ಸಂಬಂಧವೂ ಇಲ್ಲ. ಹುಟ್ಟುಕುರುಡನನ್ನು ಕಂಡು, ಇದು ಯಾರ ಪಾಪದ ಫಲ ಎಂದು ಶಿಷ್ಯರು ಕೇಳಿದಾಗ, ಅವನೂ ಪಾಪ ಮಾಡಲಿಲ್ಲ, ಅವನ ತಂದೆತಾಯಿಗಳೂ ಮಾಡಲಿಲ್ಲ ಎಂದು ಯೇಸುಸ್ವಾಮಿ ಉತ್ತರಿಸಿದ್ದು ಯೋಹಾನನ ಸುವಾರ್ತೆಯ 9ನೆಯ ಅಧ್ಯಾಯದಲ್ಲಿದೆ. ಕರ್ತನೇ ಹೊರಿಸದ ಭಾರವನ್ನು ರೋಗಿಯಿರುವ ಮನೆಯ ಮೇಲೆ ಹೊರಿಸಲು ಯಾವ ಪ್ರಸಂಗಿಗೂ ಅಧಿಕಾರವಿಲ್ಲ.

ಆ ಪ್ರಸಂಗಿ ಆಧಾರವಾಗಿಟ್ಟುಕೊಂಡ ಮಾತು ಬೈಬಲಿನ ಮಲಾಕಿಯನ ಪುಸ್ತಕದ 3ನೆಯ ಅಧ್ಯಾಯದ್ದು. ದಶಮಾಂಶವನ್ನೆಲ್ಲ ಭಂಡಾರಕ್ಕೆ ತನ್ನಿರಿ ಎಂಬ 10ನೆಯ ವಚನವನ್ನು ಎಲ್ಲರೂ ಬಲ್ಲರು. ಆದರೆ ಕೂಲಿಯವನ ಕೂಲಿಯನ್ನು ಹಿಡಿದಿಟ್ಟುಕೊಳ್ಳುವವರಿಗೂ ವಿಧವೆಯರನ್ನೂ ಅನಾಥರನ್ನೂ ಬಾಧಿಸುವವರಿಗೂ ವಿರೋಧವಾಗಿ ದೇವರೇ ಸಾಕ್ಷಿಯಾಗಿ ನಿಲ್ಲುವುದಾಗಿ ಹೇಳುವ 5ನೆಯ ವಚನವನ್ನು ಅದೇ ಉಸಿರಿನಲ್ಲಿ ಓದುವುದನ್ನು ನಾನು ಕೇಳಿದ್ದು ಬಹಳ ಕಡಿಮೆ. ಆ ಭಂಡಾರ ತುಂಬುತ್ತಿದ್ದದ್ದು ಯಾರಿಗಾಗಿ ಎಂಬುದನ್ನೂ ನೋಡಬೇಕು. ಮೋಶೆಯ ಧರ್ಮಶಾಸ್ತ್ರವು ದಶಮಾಂಶವನ್ನು ಕೇಳಿದ್ದು ಹೊಲದ ಬೆಳೆಯಲ್ಲಿ, ಮರದ ಹಣ್ಣಿನಲ್ಲಿ, ದನಕುರಿಗಳ ಹಿಂಡಿನಲ್ಲಿ. ದೇವರ ಆಲಯದ ಸೇವೆಗೆ ನೇಮಕವಾಗಿದ್ದ, ಸ್ವಂತ ಭೂಮಿಯ ಪಾಲಿಲ್ಲದ ಲೇವಿಯರು ಅದರಿಂದ ಬದುಕುತ್ತಿದ್ದರು, ಮತ್ತು ಅವರು ಸಹ ತಮಗೆ ಬಂದದ್ದರಲ್ಲಿ ಹತ್ತನೆಯ ಒಂದು ಪಾಲನ್ನು ಯಾಜಕರಿಗೆ ಕೊಡಬೇಕಾಗಿತ್ತು. ಧರ್ಮೋಪದೇಶಕಾಂಡದ 14ನೆಯ ಅಧ್ಯಾಯವನ್ನು ನೀವೂ ನಿಮ್ಮ ಪತಿಯೂ ಒಟ್ಟಿಗೆ ಕೂತು ನಿಧಾನವಾಗಿ ಓದಿರಿ: ಆ ದಶಮಾಂಶದ ಊಟವನ್ನು ಕುಟುಂಬವೇ ದೇವರ ಸನ್ನಿಧಿಯಲ್ಲಿ ಸಂತೋಷದಿಂದ ಮಾಡಬೇಕೆಂದೂ, ಮೂರನೆಯ ವರ್ಷದ ದಶಮಾಂಶವನ್ನು ಊರಲ್ಲೇ ಕೂಡಿಟ್ಟು ಲೇವಿಯರಿಗೆ, ಪರದೇಶಿಗಳಿಗೆ, ತಾಯಿತಂದೆಯಿಲ್ಲದವರಿಗೆ, ವಿಧವೆಯರಿಗೆ ಹೊಟ್ಟೆ ತುಂಬುವಷ್ಟು ಕೊಡಬೇಕೆಂದೂ ಅಲ್ಲಿದೆ. ಬಡವನ ಹೊಟ್ಟೆ ತುಂಬಿಸಲು ಬಂದ ನಿಯಮವನ್ನು ಬಡವನೇ ಸಾಲ ಮಾಡಿ ಪೂರೈಸಬೇಕೆಂದರೆ ಅದು ತಲೆಕೆಳಗಾದ ಬೋಧನೆ.

ಇನ್ನೂ ನೇರವಾದ ಮಾತು ಮಾರ್ಕನ ಸುವಾರ್ತೆಯ 7ನೆಯ ಅಧ್ಯಾಯದಲ್ಲಿದೆ. ತಂದೆತಾಯಿಗಳಿಗೆ ಸಲ್ಲಬೇಕಾದದ್ದನ್ನು ‘ಕೊರ್ಬಾನ್’ ಎಂದು, ಅಂದರೆ ದೇವರಿಗೆ ಅರ್ಪಿತವಾಯಿತೆಂದು ಹೇಳಿ, ಅವರಿಗೆ ಏನನ್ನೂ ಮಾಡದಂತೆ ತಪ್ಪಿಸಿಕೊಳ್ಳಲು ಬಿಡುತ್ತಿದ್ದವರನ್ನು ಯೇಸುಸ್ವಾಮಿ ಖಂಡಿಸಿದರು. ಅತ್ತೆಯವರ ಔಷಧಿಯ ಹಣವನ್ನು ಕಾಣಿಕೆಯ ಚೀಲಕ್ಕೆ ಹಾಕಿದರೆ ನಾವು ನಿಲ್ಲುವುದು ಅವರ ಸಾಲಿನಲ್ಲೇ. ಸ್ವಂತ ಮನೆಯವರನ್ನು ನೋಡಿಕೊಳ್ಳದವನು ನಂಬಿಕೆಯನ್ನೇ ನಿರಾಕರಿಸಿದವನು ಎಂದು ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರವೂ ಹೇಳುತ್ತದೆ.

ಹಾಗಾದರೆ ಕಷ್ಟದಲ್ಲಿರುವವರು ಕೊಡಲೇಬಾರದೇ ಎಂದರೆ, ಹಾಗಲ್ಲ. ಮಕೆದೋನ್ಯದ ಸಭೆಗಳವರು ಕಡುಬಡತನದಲ್ಲಿದ್ದೂ ಯೆರೂಸಲೇಮಿನ ಬಡ ವಿಶ್ವಾಸಿಗಳಿಗಾಗಿ ಶಕ್ತಿಮೀರಿ ಕೊಟ್ಟರೆಂದು ಅಪೊಸ್ತಲನಾದ ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ ಹೊಗಳುತ್ತಾನೆ. ಆದರೆ ಅವರನ್ನು ಯಾರೂ ಹೆದರಿಸಿರಲಿಲ್ಲ. ತಮಗೂ ಪಾಲು ಕೊಡಿರೆಂದು ಅವರೇ ಬೇಡಿಕೊಂಡಿದ್ದರು. ಒಬ್ಬನಲ್ಲಿ ಇರುವುದಕ್ಕೆ ತಕ್ಕಂತೆ ಕೊಟ್ಟದ್ದು ಮೆಚ್ಚಿಕೆಯಾಗುತ್ತದೆ, ಇಲ್ಲದ್ದಕ್ಕೆ ತಕ್ಕಂತೆ ಅಲ್ಲ ಎಂದು ಅದೇ 8ನೆಯ ಅಧ್ಯಾಯ ಸ್ಪಷ್ಟಪಡಿಸುತ್ತದೆ. ಮಿಜೋರಾಮಿನ ಕ್ರೈಸ್ತ ಹೆಂಗಸರು ಕಳೆದ ಶತಮಾನದ ಆರಂಭದಿಂದಲೂ ಅಡುಗೆಗೆ ಅಕ್ಕಿ ತೆಗೆಯುವಾಗಲೆಲ್ಲ ಒಂದು ಹಿಡಿಯನ್ನು ಸಭೆಗೆಂದು ಬೇರೆ ಪಾತ್ರೆಯಲ್ಲಿ ಹಾಕಿಡುತ್ತ ಬಂದಿದ್ದಾರೆ. ಹಾಗೆ ಕೂಡಿದ ಅಕ್ಕಿಯಿಂದ ಅಲ್ಲಿಯ ಸಭೆಗಳ ಸೇವೆಗೆ ದೊಡ್ಡ ಆಧಾರ ಸಿಕ್ಕಿದೆ. ಆ ಒಂದು ಹಿಡಿಗಾಗಿ ಯಾವ ಮನೆಯೂ ಸಾಲ ಮಾಡಬೇಕಾಗಿಲ್ಲ.

ಸಭೆಗೆ ಕೊಡುವ ಬದಲು ಬಡವರಿಗೇ ಕೊಡಬಾರದೇ ಎಂದು ಕೇಳಿದ್ದೀರಿ. ಬಡವರಿಗೆ ಖಂಡಿತ ಕೊಡಿ, ಆದರೆ ಸಭೆಯನ್ನು ಕೈಬಿಟ್ಟು ಅಲ್ಲ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸೇವಾಸಂಸ್ಥೆಯಾದ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೂ 1837ರಲ್ಲಿ ಧಾರವಾಡಕ್ಕೂ ಬಂದಾಗ ದೇವಾಲಯ, ಶಾಲೆ, ಉಪದೇಶಿಯ ಸಂಬಳ ಬಹುಮಟ್ಟಿಗೆ ಹೊರಗಿನ ಹಣದಿಂದ ನಡೆಯಿತು. ಮೊದಲನೆಯ ಮಹಾಯುದ್ಧದಲ್ಲಿ ಅದರ ಜರ್ಮನ್ ಮಿಷನರಿಗಳನ್ನು ಬ್ರಿಟಿಷ್ ಸರ್ಕಾರ ಬಂಧಿಸಿ ಹೊರಗೆ ಕಳುಹಿಸಿದಾಗ, ಆ ಆಸರೆ ಎಷ್ಟು ಬೇಗ ಕುಸಿಯಬಲ್ಲದೆಂಬುದು ಗೊತ್ತಾಯಿತು. ಅದಕ್ಕೂ ಮೊದಲೇ, 1905ರ ಡಿಸೆಂಬರ್ 25ರಂದು, ಬಂಗಾಳದ ಸೇರಾಂಪುರದಲ್ಲಿ ಸೇರಿದ ಭಾರತೀಯ ಕ್ರೈಸ್ತರು ಭಾರತದ ಹಣ, ಭಾರತದ ಜನ, ಭಾರತದವರದೇ ಆಡಳಿತ ಎಂಬ ನಿರ್ಧಾರದಿಂದ ರಾಷ್ಟ್ರೀಯ ಮಿಷನರಿ ಸಂಘವನ್ನು ಕಟ್ಟಿದ್ದರು. ಮುಂದೆ 1912ರಲ್ಲಿ ಈಗಿನ ತೆಲಂಗಾಣದ ಡೋರ್ನಕಲ್‌ನ ಬಿಷಪ್ಪರಾದ ಅಜರಯ್ಯನವರು ಅದರ ಸ್ಥಾಪಕರಲ್ಲಿ ಒಬ್ಬರು. ಭಾನುವಾರದ ಕಾಣಿಕೆ, ತಿಂಗಳ ಚಂದಾ, ಸುಗ್ಗಿ ಹಬ್ಬದ ಹರಾಜಿನಲ್ಲಿ ಕೊಂಡ ಕುಂಬಳಕಾಯಿ ಇವೆಲ್ಲ ಸೇರಿದಾಗಲೇ ದೇವಾಲಯದ ದೀಪ ಉರಿಯುತ್ತದೆ, ಸಭಾಪಾಲಕರ ಮನೆಯ ಒಲೆಯೂ ಉರಿಯುತ್ತದೆ. ಇದು ನಮ್ಮ ಸಭೆ ಎಂದು ಹೇಳುವ ಹಕ್ಕು ಹೀಗೆ ಕೊಟ್ಟವರದು.

ಕೊಟ್ಟವರಿಗೆ ಲೆಕ್ಕ ಕೇಳುವ ಹಕ್ಕೂ ಇದೆ, ಅದು ಅವಿಶ್ವಾಸವಲ್ಲ. ಯೆರೂಸಲೇಮಿಗೆ ಹಣ ಒಯ್ಯುವಾಗ ಪೌಲನು ಸಭೆಗಳೇ ಆರಿಸಿದ ಸಹೋದರನೊಬ್ಬನನ್ನು ಜೊತೆಯಲ್ಲಿ ಕರೆದುಕೊಂಡನು. ದೇವರ ಮುಂದೆ ಮಾತ್ರವಲ್ಲ, ಮನುಷ್ಯರ ಮುಂದೆಯೂ ನಡತೆ ಸರಿಯಾಗಿ ಕಾಣಬೇಕೆಂಬುದು ಅವನ ವಿಚಾರವಾಗಿತ್ತು. ನಿಮ್ಮ ಸಭಾಸಮಿತಿಯು ವರ್ಷದ ಲೆಕ್ಕವನ್ನು ಸಭೆಯ ಮುಂದೆ ಓದುತ್ತಿದ್ದರೆ ಆ ದಿನ ತಪ್ಪದೆ ಹೋಗಿ ಕುಳಿತುಕೊಳ್ಳಿ. ಓದುತ್ತಿಲ್ಲವಾದರೆ ಓದಬೇಕೆಂದು ವಿನಯದಿಂದ ಕೇಳಿ.

ಇನ್ನು ನಿಮ್ಮ ನಿದ್ರೆ ಕೆಡಿಸಿರುವ ಬಾಕಿಯ ಮಾತು. ಹೊಸ ಒಡಂಬಡಿಕೆಯಲ್ಲಿ ಕಾಣಿಕೆಗೆ ಬಾಕಿ ಎಂಬ ಲೆಕ್ಕವೇ ಇಲ್ಲ. ಮೊದಲು ಸಂಘದ ಸಾಲವನ್ನು ತೀರಿಸಿ, ಅತ್ತೆಯವರ ಔಷಧಿಯನ್ನು ಒಂದು ದಿನವೂ ತಪ್ಪಿಸಬೇಡಿ. ಅಲ್ಲಿಯವರೆಗೆ ಪ್ರತಿ ಭಾನುವಾರ ಮಕ್ಕಳ ಕೈಯಲ್ಲಿ ಹತ್ತೋ ಇಪ್ಪತ್ತೋ ರೂಪಾಯಿ ಕೊಟ್ಟು ಅವರಿಂದಲೇ ಚೀಲಕ್ಕೆ ಹಾಕಿಸಿ. ಸಾಲ ತೀರಿದ ತಿಂಗಳು ನೀವೂ ನಿಮ್ಮ ಪತಿಯೂ ಪ್ರಾರ್ಥಿಸಿ, ಎಷ್ಟು ಕೊಡಬಲ್ಲೆವೆಂದು ಮನಸ್ಸಿನಲ್ಲಿ ನಿಶ್ಚಯಿಸಿಕೊಳ್ಳಿ. ಅದು ಹತ್ತರಲ್ಲಿ ಒಂದು ಪಾಲಾದರೂ ಸರಿ, ಇಪ್ಪತ್ತರಲ್ಲಿ ಒಂದು ಪಾಲಾದರೂ ಸರಿ.